ಸ್ವಿಚ್ ಆಫ್ ಮಾಡಿದರೆ ಸಾಕೇ? ಸೀಲಿಂಗ್ ಲೈಟ್ ಬದಲಿಸುವವರ ಪ್ರಶ್ನೆಗಳು

ಮಳೆ ಬಿಟ್ಟು ದೀಪಾವಳಿ ಹತ್ತಿರ ಬರುವಾಗ ಕರಾವಳಿಯ ಮನೆಗಳಲ್ಲಿ ಸುಣ್ಣಬಣ್ಣದ ಜೊತೆಗೆ ಹಳೇ ಲೈಟು ಬದಲಿಸುವ ಕೆಲಸವೂ ಶುರುವಾಗುತ್ತದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಾಲ್‌ನ ಹಳೇ ಗಾಜಿನ ಡೋಮ್ ತೆಗೆದು 18 ವ್ಯಾಟಿನ ಎಲ್‌ಇಡಿ ಲೈಟನ್ನು ಸೀಲಿಂಗಿಗೆ ಹಾಕಬೇಕೆಂದಿದ್ದೇನೆ. ಸಣ್ಣ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಬರುವುದಿಲ್ಲ. ಸ್ವಿಚ್ ಆಫ್ ಮಾಡಿಕೊಂಡು ನಾನೇ ಮಾಡಬಹುದೇ? ಮನೆಯಲ್ಲಿ ಇನ್ವರ್ಟರ್ ಇದೆ. ಕ್ರಮವನ್ನು ವಿವರವಾಗಿ ತಿಳಿಸಿ.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಕೆಲಸ ನೀವೇ ಮಾಡಬಹುದು. ಸ್ವಿಚ್ ಆಫ್ ಮಾಡಿದರೆ ಮಾತ್ರ ಸಾಲದು. ಸ್ವಿಚ್ ಆಫ್ ಇದ್ದರೂ ಸೀಲಿಂಗಿನಲ್ಲಿ ಕರೆಂಟು ಇರಲು ಹಲವು ಕಾರಣಗಳಿವೆ. ಹಳೇ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿಗೆ (ಕರೆಂಟು ಬರುವ ವೈರು) ಹಾಕುವ ಬದಲು ನ್ಯೂಟ್ರಲಿಗೆ (ಅದು ಮರಳುವ ವೈರು) ಹಾಕಿರುವುದುಂಟು. ಅಂಥಲ್ಲಿ ಲೈಟು ಆರಿದರೂ ಹೋಲ್ಡರಿನವರೆಗೆ ಫೇಸ್ ಬಂದು ನಿಂತಿರುತ್ತದೆ. ಪಕ್ಕದ ಕೋಣೆಗೆ ಹೋಗುವ ಫೇಸನ್ನು ಇದೇ ಸೀಲಿಂಗ್ ರೋಸಿನಲ್ಲಿ (ಸೀಲಿಂಗಿನ ಕನೆಕ್ಷನ್ ಡಬ್ಬಿ) ಲೂಪ್ ಮಾಡಿದ್ದರೆ, ಅಂದರೆ ಇಲ್ಲಿಂದಲೇ ಮುಂದಕ್ಕೆ ಎಳೆದಿದ್ದರೆ, ಅದಕ್ಕೂ ನಿಮ್ಮ ಸ್ವಿಚ್ಚಿಗೂ ಸಂಬಂಧವೇ ಇರುವುದಿಲ್ಲ. ಇವೆರಡೂ ಇಲ್ಲದಿದ್ದರೂ, ನೀವು ಏಣಿಯ ಮೇಲಿರುವಾಗ ಮನೆಯವರು ಯಾರಾದರೂ ಕತ್ತಲೆಂದು ಸ್ವಿಚ್ ಒತ್ತಿಬಿಡಬಹುದು.

ಆದ್ದರಿಂದ ಡಿಬಿಯಲ್ಲಿ (ಮನೆಯ ಲೈನುಗಳು ಕವಲೊಡೆಯುವ ಡಬ್ಬಿ) ಆ ಲೈಟಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಆಫ್ ಮಾಡಿ. ಯಾವುದೆಂದು ಗೊತ್ತಿಲ್ಲದಿದ್ದರೆ ಮೈನ್ ಸ್ವಿಚ್ಚನ್ನೇ ಇಳಿಸಿ. ಹಳೇ ಕಟೌಟ್ ಇರುವ ಮನೆಯಾದರೆ ಫ್ಯೂಸ್ ಕ್ಯಾರಿಯರ್ ಕಳಚಿ ಜೇಬಿನಲ್ಲಿಟ್ಟುಕೊಳ್ಳಿ. ಎಂಸಿಬಿಯ ಮೇಲೆ "ಕೆಲಸ ನಡೆಯುತ್ತಿದೆ, ಮುಟ್ಟಬೇಡಿ" ಎಂದು ಬರೆದ ಚೀಟಿ ಅಂಟಿಸಿ.

ಇನ್ವರ್ಟರ್ ಇರುವ ಮನೆಯಲ್ಲಿ ಇಷ್ಟೂ ಸಾಲದು. ಅಪಾಯ ನಿಜವಾಗಿ ಇರುವುದು ಇಲ್ಲೇ. ಮೈನ್ ಇಳಿಸಿದ ಕೂಡಲೇ ಇನ್ವರ್ಟರ್, ಊರಿನ ಕರೆಂಟು ಹೋಯಿತೆಂದು ತಿಳಿದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಹಾಲ್‌ನ ಲೈಟು ಸಾಮಾನ್ಯವಾಗಿ ಇನ್ವರ್ಟರ್ ಲೈನಿನಲ್ಲೇ ಇರುತ್ತದೆ. ಇನ್ವರ್ಟರಿನ ಮುಂಭಾಗದ ಸ್ವಿಚ್ ಒಂದನ್ನೇ ಆಫ್ ಮಾಡಿದರೂ ಉಪಯೋಗವಿಲ್ಲ. ಮೆಸ್ಕಾಂ ಕರೆಂಟು ಇರುವಷ್ಟು ಹೊತ್ತು ಅದು ಇನ್ವರ್ಟರಿನೊಳಗಿಂದ ನೇರವಾಗಿ ದಾಟಿ ಲೈಟಿಗೆ ಹೋಗುತ್ತಲೇ ಇರುತ್ತದೆ. ಹೀಗಾಗಿ ಎರಡೂ ಆಗಬೇಕು: ಮೊದಲು ಇನ್ವರ್ಟರಿನ ಸ್ವಿಚ್ ಆಫ್, ಆಮೇಲೆ ಮೈನ್ ಆಫ್. ಇನ್ವರ್ಟರಿನ ಪ್ಲಗ್ಗನ್ನೂ ಕಿತ್ತಿಡಿ.

ಇನ್ನು ಪರೀಕ್ಷೆ. ನಿಯಾನ್ ಟೆಸ್ಟರ್ ಉರಿದರೆ ಕರೆಂಟು ಇದೆ ಎನ್ನಬಹುದು, ಉರಿಯದಿದ್ದರೆ ಇಲ್ಲ ಎನ್ನಲು ಬರುವುದಿಲ್ಲ. ಟೆಸ್ಟರ್ ಉರಿಯುವುದು ನಿಮ್ಮ ದೇಹದ ಮೂಲಕ ನೆಲಕ್ಕೆ ಹರಿಯುವ ಅತಿ ಸಣ್ಣ ಕರೆಂಟಿನಿಂದ. ಒಣ ಮರದ ಏಣಿ ಹತ್ತಿ ರಬ್ಬರ್ ಚಪ್ಪಲಿ ಹಾಕಿಕೊಂಡಿದ್ದರೆ ಫೇಸ್ ಇದ್ದರೂ ಅದು ಮಂಕಾಗಿ ಉರಿದು, ಹಗಲಿನ ಬೆಳಕಿನಲ್ಲಿ ಕಾಣದೆ ಹೋಗಬಹುದು. ಮಲ್ಟಿಮೀಟರನ್ನು ಎಸಿ 600 ಅಥವಾ 750 ವೋಲ್ಟಿನ ರೇಂಜಿಗೆ ಇಟ್ಟು ಮೊದಲು ಕರೆಂಟು ಇದೆ ಎಂದು ಗೊತ್ತಿರುವ ಪ್ಲಗ್ಗಿನಲ್ಲಿ ನೋಡಿ, ಮೀಟರ್ ಸರಿ ಇದೆಯೆಂದು ಖಾತ್ರಿಯಾಗಲಿ. ಇದನ್ನು ಮೈನ್ ಇಳಿಸುವ ಮೊದಲೇ ಮಾಡಿ. ನಂತರ ಸೀಲಿಂಗಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ಅಳೆಯಿರಿ, ಅದೂ ಲೈಟಿನ ಸ್ವಿಚ್ಚನ್ನು ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ. ಕೆಲಸ ಮುಗಿಸಿ ಮೈನ್ ಹಾಕಿದ ಮೇಲೆ ಅದೇ ಪ್ಲಗ್ಗಿನಲ್ಲಿ ಮೀಟರನ್ನು ಇನ್ನೊಮ್ಮೆ ನೋಡಿದರೆ ನಡುವೆ ಅದು ಕೆಟ್ಟಿರಲಿಲ್ಲವೆಂದು ತಿಳಿಯುತ್ತದೆ. ಡಿಜಿಟಲ್ ಮೀಟರ್ ಎಲ್ಲಿಗೂ ಸೇರದ ವೈರಿನಲ್ಲಿ 20–60 ವೋಲ್ಟ್ ತೋರಿಸುವುದುಂಟು. ಪಕ್ಕದ ವೈರಿನ ಪ್ರಭಾವದಿಂದ ಹಾಗಾಗಬಹುದು, ಆದರೆ ಅದೇ ಕಾರಣವೆಂದು ಊಹಿಸಬೇಡಿ. ಎರಡು ವೈರಿನ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ.

ಕರೆಂಟು ಇಲ್ಲವೆಂದು ಖಚಿತವಾದ ಮೇಲೆ ಹಳೇ ಲೈಟಿನ ವೈರು ಬಿಚ್ಚಿ. ಕೆಳಗೆ ಏಣಿ ಹಿಡಿಯಲು ಒಬ್ಬರಿರಲಿ. ಬಿಚ್ಚುವ ಮೊದಲು ಕನೆಕ್ಷನ್ನಿನ ಫೋಟೋ ತೆಗೆದುಕೊಳ್ಳಿ. ಒಂದೇ ಟರ್ಮಿನಲಿಗೆ ಎರಡು ವೈರು ಬಂದಿದ್ದರೆ ಅದು ಮುಂದಿನ ಪಾಯಿಂಟಿನ ಲೂಪ್. ಹೊಸ ಕನೆಕ್ಟರಿನಲ್ಲೂ ಅವೆರಡೂ ಒಟ್ಟಿಗೇ ಇರಬೇಕು. ಬೇರ್ಪಡಿಸಿದರೆ ಮುಂದಿನ ಕೋಣೆಯ ಲೈಟು ಹೋಗುತ್ತದೆ.

ಬಣ್ಣ ನೋಡಿ ಜೋಡಿಸಬೇಡಿ. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವುದು ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು. ಅಂಗಡಿಯಿಂದ ತರುವ ಅನೇಕ ಲೈಟುಗಳಲ್ಲಿ ಕಂದು ಎಂದರೆ ಫೇಸ್, ನೀಲಿ ಎಂದರೆ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ಥ್. ತ್ರೀಫೇಸ್ ಮನೆಯಲ್ಲಿ ಗೋಡೆಯೊಳಗಿನ ನೀಲಿ ವೈರು ಫೇಸ್ ಆಗಿರಬಹುದು. ನೀಲಿಗೆ ನೀಲಿ ಸೇರಿಸಿದರೆ ಲೈಟು ಉರಿಯುತ್ತದೆ, ತಪ್ಪು ಹೊರಗೆ ಕಾಣುವುದಿಲ್ಲ. ಸ್ವಿಚ್ಚಿನಿಂದ ಬರುವ ವೈರು ಯಾವುದೆಂದು ಮಲ್ಟಿಮೀಟರಿನ ಬೀಪ್ ರೇಂಜಿನಲ್ಲಿ ಕರೆಂಟಿಲ್ಲದಾಗಲೇ ಪತ್ತೆ ಹಚ್ಚಿ ಟೇಪಿನಿಂದ ಗುರುತು ಮಾಡಿ. ಹೊಸ ಲೈಟಿನ ಟರ್ಮಿನಲಿನಲ್ಲಿ ಎಲ್ ಎಂದಿರುವುದು ಫೇಸಿಗೆ, ಎನ್ ಎಂದಿರುವುದು ನ್ಯೂಟ್ರಲಿಗೆ.

ಹಳೇ ಡೋಮಿನಲ್ಲಿ 60 ಅಥವಾ 100 ವ್ಯಾಟಿನ ಬಲ್ಬು ವರ್ಷಗಟ್ಟಲೆ ಉರಿದಿದ್ದರೆ ಅದರ ಶಾಖಕ್ಕೆ ವೈರಿನ ತುದಿಯ ಪಿವಿಸಿ ಒಣಗಿ, ಬಗ್ಗಿಸಿದರೆ ಬಿರಿಯುತ್ತದೆ. ಮೆತ್ತಗಿನ, ಬಿರಿಯದ ಭಾಗ ಸಿಗುವವರೆಗೆ ಕತ್ತರಿಸಿ ಹಾಕಿ. ಉದ್ದ ಸಾಲದಿದ್ದರೆ ಅದೇ ದಪ್ಪದ ಹೊಸ ತುಂಡನ್ನು ಕನೆಕ್ಟರಿನಿಂದ ಸೇರಿಸಿ. ಲೈಟಿನ ಲೈನಿಗೆ 1 ಅಥವಾ 1.5 ಚದರ ಮಿ.ಮೀ. ತಾಮ್ರದ ವೈರು ಇರುತ್ತದೆ.

ಬೇಸ್ ಪ್ಲೇಟನ್ನು ಸ್ಲ್ಯಾಬಿಗೆ 6 ಮಿ.ಮೀ. ತೂತು, ರಾಲ್ ಪ್ಲಗ್, ಸ್ಕ್ರೂ ಹಾಕಿ ಕೂರಿಸಿ. ವೈರು ಎಲ್ಲಿಂದ ಬರುತ್ತದೋ ಆ ಪೈಪಿನ ನೇರಕ್ಕೆ ಡ್ರಿಲ್ ಹಾಕಬೇಡಿ. ತಗಡಿನ ತೂತಿನ ಮೂಲಕ ವೈರು ಒಳಗೆ ಬರುವಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಇರಲೇಬೇಕು. ಇಲ್ಲದಿದ್ದರೆ ಅಂಚು ನಿಧಾನವಾಗಿ ಪಿವಿಸಿಯನ್ನು ಕೊಯ್ದು ಲೈಟಿನ ಮೈಗೆ ಫೇಸ್ ತಾಗಿಸುತ್ತದೆ. ತುದಿಯನ್ನು 8–10 ಮಿ.ಮೀ. ಮಾತ್ರ ಸುಲಿಯಿರಿ. ಸುಲಿಯುವಾಗ ಎಳೆಗಳು ತುಂಡಾದರೆ ಮತ್ತೆ ಕತ್ತರಿಸಿ ಹೊಸದಾಗಿ ಸುಲಿಯಬೇಕು. ಎಳೆಗಳನ್ನು ಬಿಗಿಯಾಗಿ ಹೊಸೆದು ಟರ್ಮಿನಲಿಗೆ ತೂರಿಸಿ, ಹೊರಗೆ ತಾಮ್ರ ಕಾಣಿಸದಂತೆ ಸ್ಕ್ರೂ ಬಿಗಿದು, ಪ್ರತಿ ವೈರನ್ನೂ ಒಂದೊಂದಾಗಿ ಎಳೆದು ನೋಡಿ. ಸ್ಕ್ರೂ ಪಿವಿಸಿಯ ಮೇಲೆ ಕೂತರೆ ಬಿಗಿಯಾದಂತೆ ತೋರುತ್ತದೆ, ಆದರೆ ಕನೆಕ್ಷನ್ ಆಗಿರುವುದಿಲ್ಲ. ಜೋಡಿಸುವಾಗ ಅರ್ಥ್ ಮೊದಲು, ಬಿಚ್ಚುವಾಗ ಅರ್ಥ್ ಕೊನೆಗೆ.

ವೈರನ್ನು ವೈರಿಗೆ ತಿರುಚಿ ಟೇಪ್ ಸುತ್ತುವ ಅಭ್ಯಾಸವನ್ನು ದಯವಿಟ್ಟು ಬಿಡಿ. ನಮ್ಮ ಸೆಕೆಗೆ, ತೇವಕ್ಕೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ತಿರುಚಿದ ಜಾಯಿಂಟ್ ಸಡಿಲವಾದರೆ ಅಲ್ಲಿ ರೋಧ ಹೆಚ್ಚಿ ಬಿಸಿಯೇರುತ್ತದೆ, ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ. ಇದನ್ನು ಎಂಸಿಬಿ ತಡೆಯುವುದಿಲ್ಲ, ಏಕೆಂದರೆ ಹರಿಯುವ ಕರೆಂಟು ಹೆಚ್ಚಾಗಿಲ್ಲ. ಸ್ಕ್ರೂ ಇರುವ ಕನೆಕ್ಟರ್ ಸ್ಟ್ರಿಪ್ ಅಥವಾ ಲಿವರ್ ಕನೆಕ್ಟರ್ ಬಳಸಿ.

ಪ್ರಶ್ನೆ: ಲೈಸೆನ್ಸ್ ಇಲ್ಲದವರು ಮನೆಯ ವೈರಿಂಗ್ ಮುಟ್ಟಬಾರದು ಎನ್ನುತ್ತಾರೆ. ಲೈಟು ಬದಲಿಸುವುದಕ್ಕೂ ಇದು ಅನ್ವಯಿಸುತ್ತದೆಯೇ?
– ಓದುಗರು, ಸಂತೆಕಟ್ಟೆ, ಉಡುಪಿ

ಉತ್ತರ: ಇಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕೆಂದಿದ್ದರೂ, ದೀಪ, ಫ್ಯಾನ್, ಫ್ಯೂಸ್, ಸ್ವಿಚ್, ಫಿಟಿಂಗ್‌ಗಳ ಬದಲಾವಣೆಗೆ ವಿನಾಯಿತಿ ಇದೆ. ಷರತ್ತೊಂದೇ: ವೈರಿಂಗಿನ ಸಾಮರ್ಥ್ಯವೂ ಸ್ವರೂಪವೂ ಬದಲಾಗಬಾರದು. ಇದ್ದ ಜಾಗದಲ್ಲಿ ಬೇರೆ ಲೈಟು ಹಾಕುವುದು ಸರಿ. ಹೊಸ ಪಾಯಿಂಟ್ ಎಳೆಯುವುದು, ಎಂಸಿಬಿ ಬದಲಿಸುವುದು, ಅರ್ಥ್ ವೈರು ಹೊಸದಾಗಿ ತರುವುದು ಲೈಸೆನ್ಸ್ ಇದ್ದವರ ಕೆಲಸ. ಒಂದು ಲೈಟಿಂಗ್ ಲೈನಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಎಂಬುದು ವಾಡಿಕೆಯ ಮಿತಿ. ಹಳೇ ಬಲ್ಬಿನಿಂದ ಎಲ್‌ಇಡಿಗೆ ಬಂದರೆ ಹೊರೆ ಕಡಿಮೆಯೇ ಆಗುತ್ತದೆ, ಹಾಗಾಗಿ 6 ಆಂಪಿಯರಿನ ಎಂಸಿಬಿಯನ್ನು ಏರಿಸುವ ಅಗತ್ಯ ಬರುವುದಿಲ್ಲ.

ಪ್ರಶ್ನೆ: ಹೊಸ ಲೈಟಿಗೆ ತಗಡಿನ ಮೈ, ಹಸಿರು ವೈರು ಇದೆ. ನಮ್ಮ ಸೀಲಿಂಗಿನಲ್ಲಿ ಇರುವುದು ಎರಡೇ ವೈರು. ಹಸಿರನ್ನು ನ್ಯೂಟ್ರಲಿಗೆ ಸೇರಿಸಿಬಿಡಿ, ಎರಡೂ ಒಂದೇ ಎಂದು ಅಂಗಡಿಯವರು ಹೇಳಿದರು.
– ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ಖಂಡಿತ ಸೇರಿಸಬೇಡಿ. ನ್ಯೂಟ್ರಲಿನ ದಾರಿಯಲ್ಲಿ ಎಲ್ಲಾದರೂ ಒಂದು ಸ್ಕ್ರೂ ಸಡಿಲವಾದರೆ, ಉರಿಯಬೇಕಾದ ಲೈಟಿನ ಮೂಲಕ ಬಂದ ಫೇಸ್ ಹಿಂದಿರುಗಲು ದಾರಿಯಿಲ್ಲದೆ ನಿಮ್ಮ ಹಸಿರು ವೈರಿನಿಂದ ಲೈಟಿನ ತಗಡಿಗೆ ಬಂದು ಕೂರುತ್ತದೆ. ಆಗ ಲೈಟು ಉರಿಯುವುದಿಲ್ಲ. ಬಲ್ಬು ಹೋಗಿದೆ ಎಂದುಕೊಂಡು ನೀವು ಏಣಿ ಹತ್ತಿ ಮೈ ಮುಟ್ಟುತ್ತೀರಿ. ಈ ಬಗೆಯ ಕನೆಕ್ಷನ್ ಜೀವ ತೆಗೆಯುವುದು ಹೀಗೆಯೇ.

ನಿಮ್ಮ ಮುಂದಿರುವ ದಾರಿ ಎರಡು. ಸುಲಭವಾದದ್ದು, ಆ ಲೈಟನ್ನು ಹಿಂದಿರುಗಿಸಿ, ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿರುವ ಪ್ಲಾಸ್ಟಿಕ್ ಮೈಯ ಲೈಟು ತರುವುದು. ಅದು ಎರಡು ಪದರದ ಇನ್ಸುಲೇಷನ್ ಇರುವ ಬಗೆ, ಅದಕ್ಕೆ ಅರ್ಥ್ ಬೇಡ. ಇನ್ನೊಂದು, ಡಿಬಿಯಿಂದ ಆ ಪಾಯಿಂಟಿಗೆ ಅರ್ಥ್ ವೈರು ಎಳೆಸುವುದು. ಹಸಿರು ವೈರನ್ನು ಕತ್ತರಿಸಿ ಬಿಟ್ಟು ತಗಡಿನ ಲೈಟನ್ನೇ ಹಾಕಿಕೊಳ್ಳುವುದು ದಾರಿಯಲ್ಲ.

ಅರ್ಥ್ ವೈರು ಇದ್ದವರೂ ಗಮನಿಸಬೇಕಾದದ್ದಿದೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥ್ ಪೈಪಿನ ರೋಧ 20 ಓಮ್ ಇದೆಯೆಂದುಕೊಳ್ಳಿ. ತಗಡಿಗೆ ಫೇಸ್ ತಾಗಿದರೆ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ 11.5 ಆಂಪಿಯರ್. 6 ಆಂಪಿಯರಿನ ಬಿ ಬಗೆಯ ಎಂಸಿಬಿ ತಕ್ಷಣ ಬೀಳಬೇಕಾದರೆ 18ರಿಂದ 30 ಆಂಪಿಯರ್ ಬೇಕು. ಹಾಗಾಗಿ ಅದು ಕೂಡಲೇ ಬೀಳುವುದಿಲ್ಲ, ಅಷ್ಟು ಹೊತ್ತೂ ತಗಡಿನಲ್ಲಿ ಕರೆಂಟು ನಿಂತಿರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಬೇಕೇಬೇಕು ಎನ್ನುವುದು ಇದಕ್ಕಾಗಿ. ಅದರ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಬೇಕು. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅರ್ಥ್ ಗುಂಡಿಗೆ ನೀರು ಹಾಕುವುದು ಕರಾವಳಿಯಲ್ಲಿ ಬಿಡಬಾರದ ಕೆಲಸ.

ಪ್ರಶ್ನೆ: ಹಂಚಿನ ಮಾಡಿನ ಹಳೇ ಮನೆ. ಚಾವಡಿಯ ಮುಚ್ಚಿಗೆಗೆ ಮರದ ಪಟ್ಟಿಯ ಮೇಲೆ ವೈರು ಓಡಿಸಿದ್ದಾರೆ. ಬಟ್ಟೆ ಸುತ್ತಿದ ರಬ್ಬರ್ ವೈರು. ಮುಟ್ಟಿದರೆ ಪುಡಿಯಾಗುತ್ತದೆ. ಹೋಲ್ಡರ್ ತೆಗೆದು ಎಲ್‌ಇಡಿ ಹಾಕಬಹುದೇ?
– ಓದುಗರು, ಬ್ರಹ್ಮಾವರ

ಉತ್ತರ: ಆ ವೈರಿಗೆ ಏನನ್ನೂ ಸೇರಿಸಬೇಡಿ. ರಬ್ಬರ್ ಪುಡಿಯಾಗಿದೆ ಎಂದರೆ ಪಟ್ಟಿಯ ಉದ್ದಕ್ಕೂ ಅದೇ ಸ್ಥಿತಿ ಇರುತ್ತದೆ. ಕೈಗೆ ಸಿಗುವ ತುದಿಯೊಂದನ್ನೇ ಸರಿಮಾಡಿ ಪ್ರಯೋಜನವಿಲ್ಲ. ಎಳೆದಾಡಿದರೆ ಇದುವರೆಗೆ ಹೇಗೋ ನಿಂತಿದ್ದ ರಬ್ಬರ್ ಒಳಗೆಲ್ಲೋ ಉದುರಿ, ಎರಡು ವೈರುಗಳು ಒಣ ಮರದ ಮೇಲೆ ಒಂದಕ್ಕೊಂದು ತಾಗಬಹುದು. ಮುಚ್ಚಿಗೆಯ ಮೇಲೆ ತರಗೆಲೆ, ಇಲಿ ತಂದು ಹಾಕಿದ ನಾರು, ಜೇಡರ ಬಲೆ ಇದ್ದರೆ ಒಂದು ಕಿಡಿ ಸಾಕು. ಆ ಲೈನಿನ ಫ್ಯೂಸ್ ಕಳಚಿಟ್ಟು, ಹೊಸ ವೈರಿಂಗ್ ಮಾಡಿಸಿಯೇ ಲೈಟು ಹಾಕಿಸಿ.

ಹೊಸ ವೈರಿಂಗಿಗೆ ಪಿವಿಸಿ ಕೇಸಿಂಗ್ ಪಟ್ಟಿಯಾಗಲಿ ಪೈಪಾಗಲಿ ಪಕ್ಕಾಸಿನ ಬದಿಯಲ್ಲಿ ಓಡಲಿ, ಹಂಚಿನ ಸಂದಿನ ನೇರ ಕೆಳಗೆ ಬೇಡ. ಹಂಚು ಜರುಗಿ ಸೋರಿದಾಗ ನೀರು ರೀಪಿನ ಮೇಲಿಂದ ಪಟ್ಟಿಯೊಳಗೆ ಇಳಿದು ಕೊನೆಗೆ ಲೈಟಿನಲ್ಲೇ ತಂಗುತ್ತದೆ. ಲೈಟಿಗೆ ಇಳಿಯುವ ಮೊದಲು ವೈರನ್ನು ಒಂದು ಗೇಣು ಕೆಳಕ್ಕೆ ಬಳುಕಿಸಿ ಮೇಲೆ ತಂದರೆ ನೀರು ಆ ಬಳುಕಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಮರದ ಮೇಲೆ ಕೂರಿಸುವ ಲೈಟಿಗೆ, ಉರಿಯುವ ವಸ್ತುವಿನ ಮೇಲೆ ಹಾಕಬಹುದೆಂದು ತಯಾರಕರ ಕಾಗದದಲ್ಲಿ ಬರೆದಿರಬೇಕು.

ಕೆಲವು ಹಳೇ ಮನೆಗಳಲ್ಲಿ ಅಲ್ಯುಮಿನಿಯಂ ವೈರು ಇದೆ, ಸುಲಿದಾಗ ಬೆಳ್ಳಗೆ ಕಾಣುತ್ತದೆ. ಆದರೆ ತವರ ಲೇಪಿಸಿದ ಹಳೇ ತಾಮ್ರವೂ ಬೆಳ್ಳಗಿರುತ್ತದೆ; ತುದಿಯನ್ನು ಕತ್ತರಿಸಿ ಅಡ್ಡಕೊಯ್ತ ನೋಡಿ, ಒಳಗೆ ಕೆಂಪಗಿದ್ದರೆ ತಾಮ್ರ. ಅಲ್ಯುಮಿನಿಯಮ್ಮನ್ನು ತಾಮ್ರಕ್ಕೆ ನೇರವಾಗಿ ತಿರುಚಬಾರದು. ಉಪ್ಪುಗಾಳಿಯ ತೇವದಲ್ಲಿ ಎರಡು ಲೋಹ ತಾಗಿದಲ್ಲಿ ಅಲ್ಯುಮಿನಿಯಂ ಸವೆದು ಜಾಯಿಂಟ್ ಬಿಸಿಯಾಗುತ್ತದೆ.

ಪ್ರಶ್ನೆ: ಹೊಸ ಎಲ್‌ಇಡಿ ಹಾಕಿದ ಮೇಲೆ ಸ್ವಿಚ್ ಆಫ್ ಮಾಡಿದರೂ ರಾತ್ರಿ ಮಸುಕಾಗಿ ಉರಿಯುತ್ತದೆ. ಲೈಟು ಕೆಟ್ಟಿದೆಯೇ?
– ಓದುಗರು, ಸುರತ್ಕಲ್

ಉತ್ತರ: ಲೈಟು ಕೆಟ್ಟಿರಲಿಕ್ಕಿಲ್ಲ, ವೈರಿಂಗ್ ನೋಡಬೇಕು. ಮೊದಲು ಸಂಶಯಿಸಬೇಕಾದದ್ದು ಸ್ವಿಚ್ ನ್ಯೂಟ್ರಲಿನಲ್ಲಿದೆಯೇ ಎಂಬುದನ್ನು. ಸ್ವಿಚ್ ಆಫ್ ಇರುವಾಗ ಲೈಟಿನ ಟರ್ಮಿನಲಿನಲ್ಲಿ ಟೆಸ್ಟರ್ ಉರಿದರೆ ಬಹುಮಟ್ಟಿಗೆ ಅದೇ ಕಾರಣ. ಅಂದರೆ ನಿಮ್ಮ ಲೈಟು ಆರಿದಾಗಲೂ ಫೇಸಿಗೆ ಸೇರಿಕೊಂಡೇ ಇದೆ. ಸ್ವಿಚ್ ಬೋರ್ಡಿನಲ್ಲಿ ಅಥವಾ ಡಿಬಿಯಲ್ಲಿ ಅದಲುಬದಲಾದದ್ದನ್ನು ಎಲೆಕ್ಟ್ರಿಷಿಯನ್ ಸರಿಮಾಡಲಿ. ಅಲ್ಲಿಯವರೆಗೆ ಎಂಸಿಬಿ ಆಫ್ ಮಾಡದೆ ಬಲ್ಬನ್ನೂ ಬದಲಿಸಬೇಡಿ.

ಸ್ವಿಚ್ ಫೇಸಿನಲ್ಲೇ ಇದ್ದರೆ ಅದರ ಮೇಲೆ ಸಣ್ಣ ಕೆಂಪು ದೀಪ ಇದೆಯೇ ನೋಡಿ. ಆ ದೀಪ ಉರಿಯುವುದೇ ನಿಮ್ಮ ಲೈಟಿನ ಮೂಲಕ ಹರಿಯುವ ಅತ್ಯಲ್ಪ ಕರೆಂಟಿನಿಂದ. ಹಳೇ ಬಲ್ಬಿಗೆ ಅದು ಏನೂ ಅಲ್ಲ, ಎಲ್‌ಇಡಿ ಅಷ್ಟಕ್ಕೇ ಮಿನುಗುತ್ತದೆ. ದೀಪವಿಲ್ಲದ ಸ್ವಿಚ್ ಹಾಕಿದರೆ ಮುಗಿಯಿತು. ಮೆಟ್ಟಿಲಿನ ಟೂ-ವೇ ಸ್ವಿಚ್ಚಿನಲ್ಲಿ ಎರಡು ಉದ್ದದ ವೈರುಗಳು ಒತ್ತಾಗಿ ಓಡುವುದರಿಂದಲೂ ಹೀಗಾಗುತ್ತದೆ, ಅದು ಅಪಾಯವಲ್ಲ. 275 ವೋಲ್ಟ್ ಎಸಿ ಎಂದಿರುವ ಎಕ್ಸ್-2 ಬಗೆಯ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಲೈಟಿನ ಎಲ್ ಮತ್ತು ಎನ್ ನಡುವೆ ಹಾಕಿಸಿದರೆ ನಿಲ್ಲುತ್ತದೆ. ಬೇರೆ ಬಗೆಯ ಕೆಪಾಸಿಟರ್ ಬೇಡ.

ಪ್ರಶ್ನೆ: ಫ್ಲ್ಯಾಟಿನ ಬೆಡ್‌ರೂಮಿಗೆ ಹೊಸ ಲೈಟು ಹಾಕಿದಂದಿನಿಂದ ಆರ್‌ಸಿಸಿಬಿ ಬೀಳುತ್ತಿದೆ. ಅದನ್ನು ಬೈಪಾಸ್ ಮಾಡಿಸಿದರೆ ತೊಂದರೆ ಇದೆಯೇ?
– ಓದುಗರು, ಮಣಿಪಾಲ

ಉತ್ತರ: ಬೈಪಾಸ್ ಮಾಡಿಸಬೇಡಿ. ಅದು ಬೀಳುವ ರೀತಿಯಲ್ಲೇ ಕಾರಣ ಸಿಗುತ್ತದೆ.

ಲೈಟಿನ ಸ್ವಿಚ್ ಆಫ್ ಇರುವಾಗಲೂ, ಆ ಲೈನಿನ ಎಂಸಿಬಿ ಆಫ್ ಇರುವಾಗಲೂ, ಮಿಕ್ಸಿ ಅಥವಾ ಗೀಸರ್ ಹಾಕಿದೊಡನೆ ಬಿದ್ದರೆ, ಹೊಸ ಲೈಟಿನಲ್ಲಿ ನ್ಯೂಟ್ರಲ್ ಎಲ್ಲೋ ಅರ್ಥಿಗೆ ಅಥವಾ ತಗಡಿಗೆ ತಾಗಿದೆ. ಒಂದು ಪೋಲಿನ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಹಾಗಾಗಿ ಮನೆಯ ಬೇರೆ ಉಪಕರಣಗಳ ಕರೆಂಟಿನ ಒಂದು ಪಾಲು ಅರ್ಥಿನ ದಾರಿ ಹಿಡಿದು ಆರ್‌ಸಿಸಿಬಿಯನ್ನು ಬೀಳಿಸುತ್ತದೆ. ಬೇಸ್ ಪ್ಲೇಟ್ ಬಿಚ್ಚಿ, ಪ್ಲೇಟಿನಡಿ ವೈರು ಸಿಕ್ಕಿ ಅಪ್ಪಚ್ಚಿಯಾಗಿದೆಯೇ, ಉದ್ದದ ಸ್ಕ್ರೂ ಪೈಪಿನೊಳಗಿನ ವೈರಿಗೆ ಚುಚ್ಚಿದೆಯೇ ನೋಡಿ.

ಲೈಟಿನ ಸ್ವಿಚ್ ಒತ್ತಿದ ಕ್ಷಣ ಬಿದ್ದರೆ ಎರಡು ಸಾಧ್ಯತೆ. ಸ್ವಿಚ್ಚಿನಿಂದ ಬಂದ ಫೇಸ್ ತಗಡಿಗೆ ತಾಗಿರಬಹುದು. ಇಲ್ಲವೇ ನ್ಯೂಟ್ರಲನ್ನು ಬೇರೆ ಲೈನಿನಿಂದ ತೆಗೆದುಕೊಂಡಿರಬಹುದು. ಸೀಲಿಂಗ್ ಬಾಕ್ಸಿನಲ್ಲಿ ಎರಡು ಕಪ್ಪು ವೈರು ಕಂಡು ಕೈಗೆ ಸಿಕ್ಕಿದ್ದನ್ನು ಸೇರಿಸಿದಾಗ ಆಗುವುದು ಇದೇ: ಫೇಸ್ ಈ ಆರ್‌ಸಿಸಿಬಿಯಿಂದ ಹೊರಡುತ್ತದೆ, ಇನ್ವರ್ಟರ್ ಲೈನಿನ ಅಥವಾ ಬೇರೊಂದು ಆರ್‌ಸಿಸಿಬಿಯ ನ್ಯೂಟ್ರಲಿಗೆ ಮರಳುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ಆ ಲೈಟಿನ ನ್ಯೂಟ್ರಲನ್ನು ಅದರದ್ದೇ ಲೈನಿಗೆ ಮರಳಿಸಬೇಕು.

ಮಳೆಗಾಲದಲ್ಲಿ ಮಾತ್ರ ಬೀಳುವುದಾದರೆ ಪೈಪಿನೊಳಗೆ ನೀರು ಇಳಿದಿದೆ. ಲೈಟನ್ನು ಕಳಚಿಟ್ಟು 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ಲೈನ್ ಪರೀಕ್ಷಿಸಲು ಹೇಳಿ. ಕಡಿಮೆಯೆಂದರೂ 1 ಮೆಗಾಓಮ್ ಬರಬೇಕು. ಎಲ್‌ಇಡಿಯನ್ನು ಕಳಚದೆ ಮೆಗ್ಗರ್ ಹಾಕಿದರೆ ಅದರ ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಭಾಗ) ಸುಡಬಹುದು.

ಪ್ರಶ್ನೆ: ಮನೆ ಕಡಲಿನ ಪಕ್ಕ. ಸಿಟ್‌ಔಟಿನ ಸೀಲಿಂಗ್ ಲೈಟು ವರ್ಷ ತುಂಬುವುದರೊಳಗೆ ತುಕ್ಕು ಹಿಡಿಯುತ್ತದೆ. ಒಳಗೆ ಹುಳ, ಹಲ್ಲಿ ಸೇರುತ್ತವೆ. ಎಂಥದ್ದು ಹಾಕಬೇಕು?
– ಓದುಗರು, ಮಲ್ಪೆ

ಉತ್ತರ: ಒಳಕೋಣೆಯ ಐಪಿ 20 ಲೈಟನ್ನು (ಐಪಿ ಎಂದರೆ ದೂಳು, ನೀರು ತಡೆಯುವ ಮಟ್ಟ) ಸಿಟ್‌ಔಟಿಗೆ ಹಾಕಿದ್ದೀರಿ ಎಂದು ತೋರುತ್ತದೆ. ಮಳೆ ಗಾಳಿಗೆ ಇರಚಲು ಬರುವ ಜಾಗಕ್ಕೆ ಐಪಿ 65 ಇರುವ, ಪಾಲಿಕಾರ್ಬೊನೇಟ್ ಮೈಯ ಲೈಟು ತನ್ನಿ. ಬಣ್ಣ ಬಳಿದ ಕಬ್ಬಿಣದ ತಗಡು ಉಪ್ಪುಗಾಳಿಗೆ ಬಾಳುವುದಿಲ್ಲ, ಅಗ್ಗದ ಅಲ್ಯುಮಿನಿಯಂ ಕೂಡ ಗುಳಿ ಬೀಳುತ್ತದೆ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ, 316 ದರ್ಜೆ ಸಿಕ್ಕರೆ 304ಕ್ಕಿಂತ ಒಳ್ಳೆಯದು.

ಐಪಿ 65 ಎಂದು ಬರೆದಿರುವುದು ಎಲ್ಲ ರಬ್ಬರ್ ತುಂಡುಗಳೂ ಜಾಗದಲ್ಲಿದ್ದರೆ ಮಾತ್ರ. ವೈರು ಹೋಗುವ ಗ್ಲ್ಯಾಂಡಿನೊಳಗೆ ಬಿಡಿ ಬಿಡಿಯಾಗಿ ಎರಡು ಮೂರು ವೈರು ತೂರಿಸಿದರೆ ನಡುವೆ ಸಂದು ಉಳಿದು ನೀರೂ ಇರುವೆಯೂ ಒಳಗೆ ಬರುತ್ತವೆ. ದುಂಡನೆಯ ಮೂರು ಕೋರಿನ ಕೇಬಲ್ ಬಳಸಿ, ಗ್ಲ್ಯಾಂಡ್ ಅದನ್ನು ಸುತ್ತಲೂ ಒತ್ತಿ ಹಿಡಿಯುತ್ತದೆ. ಹಳೇ ತಾಮ್ರ ಕಪ್ಪು ಅಥವಾ ಹಸಿರು ಆಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಹೊರಗಿನ ಜಾಯಿಂಟಿಗೆ ಜೆಲ್ ತುಂಬಿದ ಕನೆಕ್ಟರ್ ಸಿಗುತ್ತದೆ, ಬೆಲೆ ತುಸು ಹೆಚ್ಚಾದರೂ ನಿಮ್ಮಂಥ ಜಾಗಕ್ಕೆ ಅದೇ ಸರಿ. ಸ್ಲ್ಯಾಬಿನ ಪೈಪಿನಿಂದಲೇ ನೀರು ತೊಟ್ಟಿಕ್ಕುತ್ತಿದ್ದರೆ ಲೈಟು ಬದಲಿಸುವ ಮೊದಲು ತಾರಸಿಯ ಬಿರುಕು ಮುಚ್ಚಿಸಬೇಕು.

ಪ್ರಶ್ನೆ: 8 ಕಿಲೋ ತೂಕದ ಶಾಂಡಲಿಯರ್ ತಂದಿದ್ದೇವೆ. ಫ್ಯಾನ್ ಹುಕ್ಕಿಗೆ ಹಾಕಬಹುದೇ?
– ಓದುಗರು, ಬಿಜೈ, ಮಂಗಳೂರು

ಉತ್ತರ: ಸ್ಲ್ಯಾಬ್ ಹಾಕುವಾಗಲೇ ಒಳಗಿನ ಕಬ್ಬಿಣಕ್ಕೆ ಕಟ್ಟಿದ ಹುಕ್ಕಾದರೆ ಹಾಕಬಹುದು. ಹುಕ್ಕಿನ ಸುತ್ತ ಕಾಂಕ್ರೀಟ್ ಉಬ್ಬಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೇಡ; ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿರುತ್ತದೆ. ಲೈಟುಗಳ ತೂಗುವ ಭಾಗವನ್ನು ಅದರ ತೂಕದ ನಾಲ್ಕು ಪಟ್ಟು ಭಾರ ಒಂದು ಗಂಟೆ ಹಾಕಿ ಪರೀಕ್ಷಿಸುವ ಕ್ರಮ ಮಾನದಂಡದಲ್ಲಿದೆ. ಅದನ್ನೇ ಹುಕ್ಕಿಗೆ ಅನ್ವಯಿಸಿ: 32 ಕಿಲೋ ಮರಳಿನ ಚೀಲವನ್ನು ನೆಲಕ್ಕೆ ಹತ್ತಿರವಾಗಿ ತೂಗಿಬಿಡಿ, ಕೆಳಗೆ ಯಾರೂ ನಿಲ್ಲಬೇಡಿ. ಭಾರವೆಲ್ಲ ಸರಪಳಿಯ ಮೇಲಿರಬೇಕು, ವೈರು ಸಡಿಲವಾಗಿ ಅದರ ಜೊತೆ ಇಳಿಯಬೇಕು. ಜಿಪ್ಸಂ ಫಾಲ್ಸ್ ಸೀಲಿಂಗಿಗೆ ಮಾತ್ರ ಇದನ್ನು ತೂಗಿಸಲೇಬೇಡಿ.

ಪ್ರಶ್ನೆ: ಫಾಲ್ಸ್ ಸೀಲಿಂಗಿನ ಒಂದು ಪ್ಯಾನೆಲ್ ಲೈಟು ಹೋಗಿದೆ. ಡ್ರೈವರ್ ಮಾತ್ರ ಬದಲಿಸಿದರೆ ಆಗುತ್ತದೆಯೇ?
– ಓದುಗರು, ದೇರೇಬೈಲು, ಮಂಗಳೂರು

ಉತ್ತರ: ಆಗುತ್ತದೆ, ವ್ಯಾಟ್ ಒಂದನ್ನೇ ನೋಡಿ ತರಬೇಡಿ. ಹಳೇ ಡ್ರೈವರಿನ ಮೇಲೆ ಬರೆದ ಔಟ್‌ಪುಟ್ ಮಿಲಿಆಂಪಿಯರ್ ಹೊಸದರಲ್ಲೂ ಅಷ್ಟೇ ಇರಬೇಕು, ಡಿಸಿ ವೋಲ್ಟಿನ ವ್ಯಾಪ್ತಿ ಹೊಂದಬೇಕು. 300 ಮಿಲಿಆಂಪಿಯರಿನ ಪ್ಯಾನೆಲಿಗೆ 600ರದ್ದು ಹಾಕಿದರೆ ಕಣ್ಣು ಕೋರೈಸುವಂತೆ ಉರಿದು ಬೇಗ ಸುಡುತ್ತದೆ. ಪ್ಯಾನೆಲಿನಿಂದ ಬರುವ ಸಣ್ಣ ಪ್ಲಗ್ಗಿಗೆ ಎಂದೂ 230 ವೋಲ್ಟ್ ನೇರ ಕೊಡಬೇಡಿ. ಪ್ಯಾನೆಲನ್ನು ಡ್ರೈವರಿಗೆ ಸಿಕ್ಕಿಸಿದ ಮೇಲೆಯೇ ಕರೆಂಟು ಹಾಕಿ. ಉರಿಯುತ್ತಿರುವ ಡ್ರೈವರಿಗೆ ಸಿಕ್ಕಿಸಿದರೆ ಹೊರೆಯಿಲ್ಲದೆ ಏರಿದ್ದ ವೋಲ್ಟೇಜ್ ಒಮ್ಮೆಲೇ ಎಲ್‌ಇಡಿಗೆ ಹೊಡೆಯುತ್ತದೆ. ಡ್ರೈವರನ್ನು ತೂತಿನಿಂದ ಕೈಗೆ ಸಿಗುವಷ್ಟು ಹತ್ತಿರ ಇಡಿ, ಪ್ಯಾನೆಲಿನ ಬೆನ್ನ ಮೇಲೆ ಮಲಗಿಸಬೇಡಿ.

ಪ್ರಶ್ನೆ: ಗುಡುಗು-ಸಿಡಿಲು ಬಂದಾಗಲೆಲ್ಲ ಎರಡು ಮೂರು ಎಲ್‌ಇಡಿ ಲೈಟು ಹೋಗುತ್ತವೆ. ಒಮ್ಮೊಮ್ಮೆ ಮಳೆ ಇಲ್ಲದಿದ್ದರೂ ಹೋಗುತ್ತವೆ. ನಮ್ಮದು ತ್ರೀಫೇಸ್ ಕನೆಕ್ಷನ್.
– ಓದುಗರು, ಕಾಪು

ಉತ್ತರ: ಸಿಡಿಲಿಗೆ ಹೋಗುವುದನ್ನು ತಗ್ಗಿಸಲು ಡಿಬಿಯಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದು ಹೆಚ್ಚುವರಿ ವೋಲ್ಟೇಜನ್ನು ಹರಿಸುವುದು ಅರ್ಥಿಗೆ, ಆದ್ದರಿಂದ ಅರ್ಥಿಂಗ್ ಚೆನ್ನಾಗಿಲ್ಲದ ಮನೆಯಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ಹತ್ತಿರದಲ್ಲೇ ಬೀಳುವ ಸಿಡಿಲಿಗೆ ಅದೂ ಸಾಲದು. ಗುಡುಗು ಕೇಳಿಸುತ್ತಿರುವಾಗ ಲೈಟು ಬದಲಿಸುವ ಕೆಲಸಕ್ಕೆ ಕೈ ಹಾಕಬೇಡಿ, ಮೈನ್ ಆಫ್ ಇದ್ದರೂ.

ಮಳೆ ಇಲ್ಲದಾಗಲೂ ಹೋಗುತ್ತಿವೆ ಎಂದಿರಲ್ಲ, ನಮಗೆ ಹೆಚ್ಚು ಚಿಂತೆಯಾಗಿರುವುದು ಅದು. ತ್ರೀಫೇಸ್ ಮನೆಯಲ್ಲಿ ಬರುವ ನ್ಯೂಟ್ರಲ್ ಸಡಿಲವಾದರೆ ಮೂರು ಫೇಸುಗಳ ಹೊರೆ ಒಂದರೊಡನೊಂದು ಸರಣಿಯಾಗಿ ಕೂತು, ಹೊರೆ ಕಡಿಮೆ ಇರುವ ಫೇಸಿನಲ್ಲಿ ವೋಲ್ಟೇಜ್ 230 ದಾಟಿ 400ರ ಹತ್ತಿರದವರೆಗೂ ಏರಬಹುದು. ಒಂದು ಕೋಣೆಯ ಲೈಟು ಎಂದಿಗಿಂತ ಪ್ರಖರವಾಗಿ, ಇನ್ನೊಂದರದ್ದು ಮಂಕಾಗಿ, ಫ್ಯಾನ್ ಹಾಕಿದಾಗ ಅವು ಅದಲುಬದಲಾಗುವಂತೆ ಕಂಡರೆ ಹೊಸ ಬಲ್ಬು ಹಾಕುತ್ತಾ ಹೋಗಬೇಡಿ. ಕೂಡಲೇ ಮೈನ್ ಇಳಿಸಿ, ಇನ್ವರ್ಟರಿನ ಪ್ಲಗ್ ಕಿತ್ತು, 1912ಕ್ಕೆ ಕರೆ ಮಾಡಿ ಮೆಸ್ಕಾಂನವರಿಗೆ "ನ್ಯೂಟ್ರಲ್ ಸಡಿಲ ಇರುವಂತಿದೆ" ಎಂದೇ ತಿಳಿಸಿ. ಕಂಬದಿಂದ ಮೀಟರಿನವರೆಗಿನ ಜಾಯಿಂಟನ್ನು ಅವರೇ ನೋಡಬೇಕು, ಮೀಟರಿನಿಂದ ಡಿಬಿಯವರೆಗಿನದನ್ನು ನಿಮ್ಮ ಎಲೆಕ್ಟ್ರಿಷಿಯನ್. ಎರಡೂ ಕಡೆಯ ನ್ಯೂಟ್ರಲ್ ಸ್ಕ್ರೂಗಳನ್ನು ಬಿಗಿ ಮಾಡಿ, ಹೊರೆ ಹಾಕಿ, ಮೂರು ಫೇಸಿನಲ್ಲೂ ವೋಲ್ಟೇಜ್ ಅಳೆದ ಮೇಲೆಯೇ ಹೊಸ ಲೈಟು ಕೊಳ್ಳಿ.